ಮುಖ ಮುಚ್ಚಿ ಕೈ ಮರೆತ ಗೌತಮ

ಗೌತಮ ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಇಳಕಲ್ಲಿನ ನನ್ನ ಫೋಟೊ ಸ್ಟುಡಿಯೋಕ್ಕೆ ಆರು ವರ್ಷದಿಂದ ಬರುತ್ತಾನೆ. ಚಹಾ ತರಿಸಿದರೆ ನಿಂತೇ ಕುಡಿಯುತ್ತಾನೆ. ಒಂದು ಗುಟುಕಿಗೆ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾನೆ, ಇನ್ನೊಂದು ಗುಟುಕಿಗೆ ಒಳಗೆ ಬಂದು ಕಂಪ್ಯೂಟರ್ ನೋಡುತ್ತಾನೆ. ನಡುವೆ ಬೈಕಿನ ಚಾವಿ ಬೆರಳಿನಲ್ಲಿ ಗಿರಗಿರ ತಿರುಗುತ್ತಲೇ ಇರುತ್ತದೆ. "ಲೇ, ಕುಂಡ್ರೋ, ನಿನ್ನ ನೋಡಿ ನನಗ ತಲಿ ತಿರಗಾಕ ಹತ್ತೈತಿ" ಎಂದು ಬೈದರೆ ಗೋಡೆಗೆ ಒರಗುತ್ತಾನೆ. ಅವನ ಮಟ್ಟಿಗೆ ಅದೇ ವಿಶ್ರಾಂತಿ.

ಹುನಗುಂದದವನು, ಮೂವತ್ತೊಂದು ವರ್ಷ. ಮದುವೆ, ಸೀಮಂತ, ವಾಸ್ತುಶಾಂತಿ ಎಲ್ಲಕ್ಕೂ ವಿಡಿಯೋ ತೆಗೆಯುತ್ತಾನೆ. ಅದನ್ನು ಕತ್ತರಿಸಿ ಜೋಡಿಸುವ ಕೆಲಸ ನನ್ನ ಸ್ಟುಡಿಯೋದಲ್ಲಿ ನಡೆಯುತ್ತದೆ. ಬೆಳಿಗ್ಗೆ ಬಾದಾಮಿಯಲ್ಲಿ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವುದನ್ನು ತೆಗೆದವನು ಮಧ್ಯಾಹ್ನ ಬಾಗಲಕೋಟೆಯಲ್ಲಿ ಇನ್ನಾರದೋ ಊಟದ ಪಂಕ್ತಿ ತೆಗೆದು ಸಂಜೆಗೆ ನನ್ನೆದುರು ಬಂದು ನಿಂತಿರುತ್ತಾನೆ. ಬೈಕು ಹೊಡೆಯುವ ರೀತಿಯೂ ಹಾಗೇ. ಮುಂದೆ ಬಸ್ಸು ಕಂಡರೆ ಸಾಕು, ಅದನ್ನು ದಾಟಿ ಹೋಗುವತನಕ ಅವನಿಗೆ ಜೀವದಲ್ಲಿ ಜೀವ ಇರುವುದಿಲ್ಲ. ತನ್ನನ್ನು ಒಂದು ಬಸ್ಸು ದಾಟಿ ಹೋಯಿತು ಎಂದು ಅವನು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಅವನ ಕೇರಿ ಯಾವುದು, ಅವನಿಗೆ ಗೌತಮ ಎಂದು ಯಾಕೆ ಹೆಸರಿಟ್ಟರು ಎಂಬುದನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕ್ಯಾಮರಾ ಒಳಗೆ ಬರಲಿ, ಇವನು ಬೇಡ ಎನ್ನುವ ಮನೆಗಳಿದ್ದವು. ಆಗ ದೇವರ ಮನೆಯ ದೃಶ್ಯ ತೆಗೆಯಲು ಅವನ ಕೈಯಿಂದ ಕ್ಯಾಮರಾ ಇಸಿದುಕೊಂಡು ನಾನು ಹೋಗುತ್ತಿದ್ದೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡು, ಬಸವಣ್ಣನ ಹೆಸರು ಹೇಳಿಕೊಂಡು ಹೋಗುತ್ತಿದ್ದೆ. ಹೋಗಬಾರದಿತ್ತು.

ಅವನವ್ವ ದುರಗವ್ವ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬಿಡುವಾದಾಗ ಮಗನ ಲ್ಯಾಪ್‌ಟಾಪಿನ ಮುಂದೆ ಕೂತು ಊರವರ ಮದುವೆಗಳನ್ನೆಲ್ಲ ನೋಡುವುದು ಅವಳ ಅಭ್ಯಾಸ. ಅವಳು ನೋಡುವುದು ಮದುಮಗಳನ್ನಲ್ಲ, ಮದುಮಗಳ ಹಿಂದೆ ಆರತಿ ತಟ್ಟೆ ಹಿಡಿದು ನಿಂತ ಹುಡುಗಿಯರನ್ನು. "ನಿಲ್ಲಸು, ನಿಲ್ಲಸು! ಈ ಹಳದಿ ಸೀರಿಯಾಕಿ ಯಾರ ಮಗಳು?" ಎಂದು ಮಗನ ತೋಳು ಜಗ್ಗುತ್ತಾಳೆ. ಗೌತಮ, "ಆಕಿದು ನಿಶ್ಚಯ ಆಗೇತಂತ ಯವ್ವಾ" ಎಂದು ಸುಳ್ಳು ಹೇಳಿ ಮುಂದಕ್ಕೆ ಓಡಿಸುತ್ತಾನೆ. ಇಡೀ ತಾಲೂಕಿನ ಕನ್ಯೆಯರಿಗೆಲ್ಲ ಹೀಗೆ ಲ್ಯಾಪ್‌ಟಾಪಿನಲ್ಲೇ ನಿಶ್ಚಯ ಮಾಡಿಸಿದ ಪುಣ್ಯಾತ್ಮ ಅವನು.

ಕಾರಣ ನನಗೆ ಗೊತ್ತಾದದ್ದು ನಾಲ್ಕು ವರ್ಷದ ಹಿಂದೆ. ಬಾದಾಮಿಯ ಒಂದು ಮದುವೆ ಮುಗಿಸಿ ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಾಳ ಒಗ್ಗರಣಿ ತಿನ್ನುತ್ತಿದ್ದೆವು. "ಅಣ್ಣಾರ, ನನಗ ಹುಡಗ್ಯಾರ ಮ್ಯಾಲ ಮನಸ್ಸಿಲ್ಲರಿ. ಗಂಡಸರ ಮ್ಯಾಲ" ಎಂದ. ನಾನು ತಿನ್ನುತ್ತಿದ್ದ ಪ್ಲೇಟು ಅಲ್ಲೇ ಇಟ್ಟು ಬಸ್ಸು ಹತ್ತಿ ಬಂದೆ. ನಾಲ್ಕು ದಿನ ಅವನ ಫೋನು ಎತ್ತಲಿಲ್ಲ. ಐದನೆಯ ದಿನ ಹೆಂಡತಿ ಬಸಲಿಂಗವ್ವ ಬಾಯಿ ಬಿಡಿಸಿದಳು. ಎಲ್ಲ ಕೇಳಿ, ಮೊರದಲ್ಲಿದ್ದ ಜೋಳ ಹಸನು ಮಾಡುತ್ತಲೇ, "ಅದಕ್ಕ ನೀವ್ಯಾಕ ಉಣ್ಣೂದು ಬಿಟ್ಟೀರಿ? ನಿಮ್ಮನ್ನ ಲಗ್ನ ಆಗ್ತೇನಿ ಅಂದಾನೇನು ಅಂವ?" ಎಂದಳು. ನನಗೆ ನಗು ಬಂತು, ಆಮೇಲೆ ನಾಚಿಕೆಯೂ ಆಯಿತು. ಸಂಜೆ ನಾನೇ ಫೋನು ಮಾಡಿದೆ.

ಅಂದಿನಿಂದಲೇ ಅವನು ಸಣ್ಣ ಸಣ್ಣ ಚಿತ್ರ ಮಾಡಲು ಶುರು ಮಾಡಿದ. ಎಂಟು ನಿಮಿಷ, ಹತ್ತು ನಿಮಿಷದವು. ಕತೆ ಕಟ್ಟಿದ್ದಲ್ಲ, ತನ್ನಂಥವರನ್ನು ಹುಡುಕಿ ಇದ್ದವರನ್ನು ಇದ್ದಂತೆ ತೆಗೆದದ್ದು. ತುಳಸಿಗೇರಿಯಲ್ಲಿ ಶನಿವಾರಕ್ಕೊಮ್ಮೆ ಹನುಮಪ್ಪನ ಗುಡಿಯಲ್ಲಿ ಭಜನೆ ಹಾಡುವ ನಿವೃತ್ತ ಕಂಡಕ್ಟರ್. ಐಹೊಳೆಯಲ್ಲಿ ಒಬ್ಬನು ಗೈಡು, ಇನ್ನೊಬ್ಬನು ಹೊಲದ ಕೂಲಿ. ಇಪ್ಪತ್ತು ವರ್ಷದಿಂದ ಊರ ಪಾಲಿಗೆ ಗೆಳೆಯರು. ಬಾಗಲಕೋಟೆಯಲ್ಲಿ ಖಾನಾವಳಿ ನಡೆಸುವ ಪ್ರಿಯದರ್ಶಿನಿ; ಹುಟ್ಟಿದಾಗ ಮನೆಯವರು ಗಂಡು ಹೆಸರಿಟ್ಟಿದ್ದರು, ಈ ಹೆಸರು ಅವಳೇ ಇಟ್ಟುಕೊಂಡದ್ದು. ಇವರಲ್ಲಿ ಮುಖ ತೋರಿಸಿದ್ದು ಪ್ರಿಯದರ್ಶಿನಿ ಒಬ್ಬಳೇ. ಉಳಿದವರ ಬೆನ್ನು, ನೆರಳು, ಚಪ್ಪಲಿ ಇಷ್ಟೇ ಕಾಣುತ್ತಿದ್ದವು. ಏಳು ಚಿತ್ರ ಆದವು. ಏಳರಲ್ಲೂ ಗೌತಮನ ಒಂದು ಕೂದಲೂ ಕಾಣಲಿಲ್ಲ. ಅದನ್ನು ನಾನು ಗಮನಿಸಿದ್ದೆ, ಕೇಳುವ ಧೈರ್ಯ ಮಾಡಲಿಲ್ಲ.

ಎಂಟನೆಯದು ಬಸವೇಶ್ವರಿಯದು. ಅವಳ ನಿಜ ಹೆಸರು ಇದಲ್ಲ. ಮುಂದೆ ಅವಳ ಕೈಯ ಬಗ್ಗೆ ಹೇಳುತ್ತೇನೆ. ಅದರ ಗುರುತುಗಳನ್ನೂ ನಾನು ಬದಲಿಸಿದ್ದೇನೆ. ಇಳಕಲ್ಲಿನವರು ಯಾರಾದರೂ ಇದನ್ನು ಓದಿ ಬೆರಳೆಣಿಸುತ್ತ ಕೂತರೆ ಅದು ಅವರ ಹಣೆಬರಹ.

ಮೂವತ್ತಾರು ವರ್ಷದ ಹೆಣ್ಣುಮಗಳು. ಅವಳವ್ವ ಮಗ್ಗದ ಮೇಲೆ ಕೂತರೆ ಇವಳು ಕೊಂಡಿ ಹಾಕುತ್ತಾಳೆ. ಇಳಕಲ್ ಸೀರೆಯ ಮೈಗೆ ಉದ್ದೆಳೆಗಳ ಒಂದು ಹಾಸು, ಸೆರಗಿಗೆ ಬೇರೆಯೇ ರೇಷ್ಮೆಯ ಹಾಸು. ಎರಡರ ಎಳೆಗಳನ್ನೂ ಒಂದೊಂದಾಗಿ ಒಂದರೊಳಗೊಂದು ಸಿಕ್ಕಿಸಿ ಸೇರಿಸುವುದೇ ಕೊಂಡಿ. ಸಾವಿರಾರು ಎಳೆ, ಕಣ್ಣು ಕಿತ್ತು ಬರುವ ಕೆಲಸ. ಬಸವೇಶ್ವರಿಯ ಕೊಂಡಿ ಅಷ್ಟು ಸಾಪಾಗಿ ಬೀಳುತ್ತದೆಂದು ಓಣಿಯ ಹತ್ತಾರು ಮನೆಯವರು ಅವಳನ್ನು ಕರೆಸಿಕೊಳ್ಳುತ್ತಾರೆ.

ಅಮಾವಾಸ್ಯೆಗೆ ಮಗ್ಗಕ್ಕೆ ಸೂಟಿ. ಅಂದು ಬಸವೇಶ್ವರಿ ಬಾದಾಮಿಯ ಬಸ್ಸು ಹತ್ತುತ್ತಾಳೆ. ಬನಶಂಕರಿಗೆ ಹರಕೆ ಎಂದು ಮನೆಯಲ್ಲಿ ಹೇಳಿ ಹನ್ನೊಂದು ವರ್ಷವಾಯಿತು. ಮಗಳಿಗೆ ಒಳ್ಳೆಯ ವರ ಸಿಗಲಿ ಎಂಬ ಹರಕೆ ಅದು ಎಂದು ಅವಳವ್ವ ತಾನೇ ತಿಳಿದುಕೊಂಡಿದ್ದಾಳೆ. ಬಸವೇಶ್ವರಿ ದೇವಿಗೆ ಕೈಮುಗಿಯುವುದೂ ನಿಜ. ಆಮೇಲೆ ಅವಳು ಹೋಗುವುದು ಶೀಲಾಳ ಮನೆಗೆ. ಶೀಲಾ ಅಲ್ಲಿ ಅಂಗನವಾಡಿ ಟೀಚರು. "ಗೆಳತಿಗೂ ಒಯ್ಯಿ" ಎಂದು ಅವ್ವನೇ ಇಬ್ಬರಿಗಾಗುವಷ್ಟು ರೊಟ್ಟಿ, ಪುಂಡಿಪಲ್ಯೆ ಕಟ್ಟಿ ಕಳಿಸುತ್ತಾಳೆ. ಇಬ್ಬರೂ ಕೂಡಿ ಉಣ್ಣುತ್ತಾರೆ, ಸಂಜೆ ಬಸ್ಸಿಗೆ ಇವಳು ತಿರುಗಿ ಬರುತ್ತಾಳೆ. ಹನ್ನೊಂದು ವರ್ಷದ ಸಂಸಾರ ಅವರದು, ತಿಂಗಳಿಗೆ ಒಂದೇ ದಿನದ್ದು.

ಗೌತಮನ ಮುಂದೆ ಅವಳು ಇದನ್ನೆಲ್ಲ ಹೇಳಿದ್ದು ಒಂದೇ ಕರಾರಿನ ಮೇಲೆ. "ತಮ್ಮಾ, ನಾ ಅಂತ ಯಾರಿಗೂ ಗುರುತು ಸಿಗಬಾರದು. ನಮ್ಮವ್ವಗಂತೂ ಖರೇನ ಸಿಗಬಾರದು." ಇವನು ಅವಳ ಕೈಹಿಡಿದು ಮಾತು ಕೊಟ್ಟ.

ಮುಖವಿಲ್ಲದೆ ಏನು ತೋರಿಸುವುದು ಎಂದು ಅವನು ಸ್ಟುಡಿಯೋದಲ್ಲಿ ಅಡ್ಡಾಡುತ್ತಿದ್ದಾಗ ಉಪಾಯ ಹೇಳಿದವನು ನಾನೇ. "ಕೈ ತೋರಸು. ಕೈ ಮ್ಯಾಲ ಹೆಸರು ಬರದಿರತೈತೇನು?" ಎಂದೆ. ದೊಡ್ಡ ಶಾಣ್ಯಾ ನಾನು. ಗೌತಮ ಅವಳ ಕೈಯನ್ನಷ್ಟೇ ತೆಗೆದ. ದನಿಯನ್ನು ಕಂಪ್ಯೂಟರಿನಲ್ಲಿ ದಪ್ಪ ಮಾಡಿದ. ಕೊಂಡಿ ಹಾಕುವ ಕೈ ಕಾಣುತ್ತದೆ, ಮೇಲೆ ಮಾತು ಕೇಳುತ್ತದೆ. ಒಂಬತ್ತು ನಿಮಿಷ. ನೋಡಿ ನನಗೇ ಎದೆ ತುಂಬಿ ಬಂತು. ಹೆಸರು 'ಹರಕೆ' ಎಂದಿಟ್ಟ.

ಪ್ರದರ್ಶನ ಬಾಗಲಕೋಟೆಯಲ್ಲಿ, ರವಿವಾರ ನಾಲ್ಕು ಗಂಟೆಗೆ. ಪ್ರಿಯದರ್ಶಿನಿ ಮತ್ತು ಅವಳ ಸಂಘದವರೇ ಸಭಾಭವನ ಹಿಡಿದಿದ್ದರು. ಇಷ್ಟು ಕುರ್ಚಿಗೆ ಜನ ಎಲ್ಲಿಂದ ಬರಬೇಕು ಎಂದು ಹೆದರಿ, ನೇಕಾರರ ಬದುಕಿನ ಚಿತ್ರವೂ ಇದೆ ಎಂದು ಇಳಕಲ್ಲಿನ ನಮ್ಮ ಓಣಿಯವರಿಗೆ ಹೇಳಿ ಕಳಿಸಿ, ಒಂದು ಬಸ್ಸನ್ನೂ ಗೊತ್ತು ಮಾಡಿದ್ದಳು. ಬಸ್ಸಿನ ತುಂಬ ಹೆಸರು ಬಂದವು. ಬಸವೇಶ್ವರಿಯ ಅವ್ವನದೂ ಬಂತು. ಬಂದರೇನು, ಮುಖ ಕಾಣುವುದಿಲ್ಲವಲ್ಲ ಎಂದು ನಾವಿಬ್ಬರೂ ಆರಾಮಾಗಿ ಇದ್ದೆವು.

ಗುರುವಾರ ಮಧ್ಯಾಹ್ನ ಬಸಲಿಂಗವ್ವ ಸ್ಟುಡಿಯೋಕ್ಕೆ ಬುತ್ತಿ ತಂದಳು. ಅವಳು ನೇಕಾರರ ಮನೆಯಲ್ಲಿ ಹುಟ್ಟಿ ಬೆಳೆದವಳು. ಗೌತಮ ಕಡೆಯದಾಗಿ ಒಮ್ಮೆ ಚಿತ್ರ ಓಡಿಸಿ ನೋಡುತ್ತಿದ್ದ. ಬುತ್ತಿ ಬಿಚ್ಚುತ್ತ ಅವಳು ಪರದೆಯ ಕಡೆ ಕಣ್ಣು ಹಾಯಿಸಿದಳು.

"ನಮ್ಮ ಬಸವೇಶ್ವರಿದು ಯಾವಾಗ ತಗದ್ರಿ?" ಎಂದಳು.

ಗೌತಮನ ಕೈಯಲ್ಲಿ ತಿರುಗುತ್ತಿದ್ದ ಚಾವಿ ನೆಲಕ್ಕೆ ಬಿತ್ತು.

"ಯಾ ಬಸವೇಶ್ವರಿ? ಆಕಿ ಅಲ್ಲ ಇಕಿ" ಎಂದೆ ನಾನು, ಕಳ್ಳನಂತೆ.

"ನನಗ ಹೇಳ್ತೀರಿ? ಎಡಗೈಲೆ ಕೊಂಡಿ ಹಾಕಾಕಿ ಓಣ್ಯಾಗ ಇನ್ಯಾರದಾರ? ಎಳಿ ಜಾರಬಾರದಂತ ಎಲ್ಲಾರೂ ಬೆರಳಿಗೆ ಬೂದಿ ಹಚ್ಚಿದ್ರ ಇಕಿ ಹಣಿಗೆ ಹಚ್ಚೂ ಈಬತ್ತಿ ಹಚ್ಕೊಂತಾಳ ನೋಡ್ರಿ. ನಾಕ ಎಳಿ ಆದ ಮ್ಯಾಲ ಕಿರಿಬೆರಳಲೆ ಸವರತಾಳ. ನಮ್ಮ ತವರಮನಿಯಾಗ ಕುಂತು ಎಷ್ಟ ಸೀರಿಗೆ ಹಾಕ್ಯಾಳ." ಅಷ್ಟರಲ್ಲಿ ಪರದೆಯಿಂದ ಆ ದಪ್ಪ ದನಿ, ತಾನು ಹನ್ನೊಂದು ವರ್ಷದಿಂದ ಒಬ್ಬ ಹೆಂಗಸನ್ನು ಪ್ರೀತಿಸುತ್ತಿದ್ದೇನೆ ಎಂದಿತು. ಬಸಲಿಂಗವ್ವ ಬಿಚ್ಚಿದ ಬುತ್ತಿಯನ್ನು ಮತ್ತೆ ಮುಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಇದನ್ನ ಆಕಿ ಅವ್ವನ ಮುಂದ ತೋರಸವರಿದ್ರೇನು?" ಎಂದಳು.

ನಾನು ಹುಟ್ಟಿದ್ದು ಇದೇ ಊರಲ್ಲಿ. ಮೂವತ್ತು ವರ್ಷ ಮುಖಗಳನ್ನಷ್ಟೇ ನೋಡುತ್ತ ಬಂದವನಿಗೆ, ಈ ಊರಿನ ಹೆಂಗಸರು ಒಬ್ಬರನ್ನೊಬ್ಬರು ಕೈಯಿಂದಲೇ ಗುರುತಿಸುತ್ತಾರೆ ಎಂಬುದು ಹೊಳೆಯಲೇ ಇಲ್ಲ. ಹುನಗುಂದದವನು ತಪ್ಪಿದರೆ ಮಾಫಿ ಇದೆ, ನನಗಿಲ್ಲ.

ಗೌತಮನೂ ನಾನೂ ಆಗಲೇ ಬಸವೇಶ್ವರಿಯ ಮನೆಗೆ ಹೋದೆವು. ಒಳಗೆ ಅವ್ವನ ಮಗ್ಗ ಟಕಾಟಕ ನಡೆದಿತ್ತು. ಬಸವೇಶ್ವರಿ ಪಡಸಾಲೆಯಲ್ಲಿ ಹಾಸಿನ ಮುಂದೆ ಕೂತಿದ್ದಳು. ಮಗ್ಗದ ಸಪ್ಪಳ ಇರುವವರೆಗೆ ಮಾತಾಡಬೇಕು, ಅದು ನಿಂತರೆ ಬಾಯಿ ಮುಚ್ಚಬೇಕು.

"ಅಕ್ಕಾರ, ತಪ್ಪಾಗೇತ್ರಿ. ನಿಮ್ಮ ಕೈ ನೋಡಿ ಅಣ್ಣಾರ ಮನಿ ವೈನ್ಯಾರು ಗುರುತ ಹಿಡದ್ರು" ಎಂದ ಗೌತಮ.

ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಮಗ್ಗ ನಿಂತಿತು. ಎಲ್ಲೋ ಎಳೆ ಹರಿದಿರಬೇಕು. "ಯಾರ ಬಂದಾರಬೇ?" ಎಂದು ಒಳಗಿಂದ ಕೂಗು ಬಂತು. "ಅಂದಪ್ಪಣ್ಣಾರು. ರವಿವಾರದ ಬಸ್ಸಿನ ಟೈಮ್ ಹೇಳಾಕ ಬಂದಾರ" ಎಂದಳು ಬಸವೇಶ್ವರಿ, ನನ್ನ ಹೆಸರು ಮುಂದೆ ಮಾಡಿ. ದನಿ ಸ್ವಲ್ಪವೂ ನಡುಗಲಿಲ್ಲ. ಹನ್ನೊಂದು ವರ್ಷದ ರೂಢಿ. ಮೂವರೂ ಸಪ್ಪಳ ಮತ್ತೆ ಶುರುವಾಗುವುದನ್ನೇ ಕಾಯುತ್ತ ಕೂತೆವು. ಗೌತಮನ ಮೊಣಕಾಲು ಕುಣಿಯುತ್ತಿತ್ತು.

ಮಗ್ಗ ಮತ್ತೆ ಟಕ್ ಎಂದಿತು. ಬಸವೇಶ್ವರಿ ಹಲ್ಲು ಕಚ್ಚಿಕೊಂಡು ಮಾತಾಡಿದಳು. "ನಮ್ಮವ್ವಗ ಎಂದೂ ತಿಳೀಬಾರದು ಅಂತ ನಾ ಹೇಳಿಲ್ಲ ತಮ್ಮಾ. ತಿಳಿಯೂದಾದ್ರ ನನ್ನ ಬಾಯಿಂದ ತಿಳೀಬೇಕು. ಮಂದ್ಯಾಗ ಕುಂತು, ಮಗಳ ಕೈ ನೋಡಿ ತಿಳಕೋಬೇಕೇನು ಆಕಿ? ನನ್ನ ಕೈ ತಗಿ. ದನೀನೂ ತಗಿ. ಒಂದ್ ಎಳಿ ಇರಬಾರದು."

"ತಗೀತೇನ್ರಿ."

"ಎಲ್ಲಾರ ಮನಿ ಬಾಗಲಾ ತಗಸ್ತಿ. ನಿನ್ನ ಮಾರಿ ಯಾವಾಗರ ತೋರಿಸೀಯೇನು? ನಿನಗೂ ಅವ್ವ ಅದಾಳಲ್ಲ?"

ಸಪ್ಪಳ ನಿಂತಿತು, ನಾವು ಎದ್ದು ಬಂದೆವು.

ಶುಕ್ರವಾರ ಅವನು ನನ್ನೆದುರೇ ಎಲ್ಲ ಅಳಿಸಿದ. ಕಂಪ್ಯೂಟರಿನಿಂದ ಅಳಿಸಿದ, ಕಾರ್ಡಿನಿಂದ ಅಳಿಸಿದ, ಫೋನು ಬಿಚ್ಚಿ ತೋರಿಸಿ ಅದರಿಂದಲೂ ಅಳಿಸಿದ. ಒಂಬತ್ತು ನಿಮಿಷದಲ್ಲಿ ಉಳಿದದ್ದು ಹೆಸರೊಂದೇ. ಕಾರ್ಯಕ್ರಮದಿಂದ ಚಿತ್ರ ತೆಗೆದುಹಾಕಿಬಿಡು ಎಂದೆ. ಅವನು ಬಾಗಿಲಿಗೆ ಹೋದ, ಒಳಗೆ ಬಂದ, ಬಾಗಿಲಿಗೆ ಹೋದ. ಶನಿವಾರ ಬೆಳಿಗ್ಗೆ ಸ್ಟುಡಿಯೋ ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ನಿಂತಿದ್ದ. ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳುವವರ ಸ್ಟೂಲನ್ನು ಎಳೆದುಕೊಂಡು ಅದರ ಮೇಲೆ ಕೂತ. ಕ್ಯಾಮರಾ ನನ್ನ ಕೈಗೆ ಕೊಟ್ಟ.

"ಅಣ್ಣಾರ, ಬಟನ್ ಒತ್ತರಿ. ನಾ ನಿಲ್ಲಸಂದ್ರೂ ನಿಲ್ಲಸಬ್ಯಾಡ್ರಿ."

ಮೂರು ಸಲ "ನಿಲ್ಲಸ್ರಿ" ಎಂದ. ನಾನು ನಿಲ್ಲಿಸಲಿಲ್ಲ.

ರವಿವಾರ ಅವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಾಗಲಕೋಟೆಗೆ ಬಂದ. ಮಗನ ಸಿನೆಮಾ ಎಂದು ದುರಗವ್ವ ಪೆಟ್ಟಿಗೆಯಿಂದ ಹೊಸ ಸೀರೆ ತೆಗೆದು ಉಟ್ಟಿದ್ದಳು. ಮೊದಲ ಸಾಲಿನಲ್ಲಿ ಬಸಲಿಂಗವ್ವನ ಪಕ್ಕ ಕೂತಳು. ಹಿಂದಿನ ಸಾಲಿನಲ್ಲಿ ಬಸವೇಶ್ವರಿ, ಅವಳವ್ವ, ನಮ್ಮ ಓಣಿಯ ಮಂದಿ. ಗೌತಮ ಪ್ರೊಜೆಕ್ಟರಿನ ಬದಿಗೆ ನಿಂತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದ. ಪ್ರಿಯದರ್ಶಿನಿಯ ಚಿತ್ರ ಆಯಿತು, ಚಪ್ಪಾಳೆ ಬಿತ್ತು. ಕಂಡಕ್ಟರನದಾಯಿತು. ಆಮೇಲೆ 'ಹರಕೆ' ಎಂದು ಅಕ್ಷರ ಮೂಡಿತು.

ಬಸವೇಶ್ವರಿ ಕುರ್ಚಿಯ ಅಂಚಿಗೆ ಬಂದಿದ್ದು ನನಗೆ ಕಂಡಿತು.

ಪರದೆಯ ಮೇಲೆ ಸ್ಟೂಲಿನಲ್ಲಿ ಕೂತ ಗೌತಮ. ತಲೆ ತಗ್ಗಿಸಿ ತನ್ನ ಅಂಗೈಯನ್ನೇ ನೋಡುತ್ತಿದ್ದ. "ನನ್ನ ಹೆಸರ ಗೌತಮ. ಹುನಗುಂದದಾಂವ. ನಿಮ್ಮೆಲ್ಲಾರ ಮನಿ ಲಗ್ನ ನಾ ತಗದೇನಿ. ನಂದ್ಯಾವಾಗ ಅಂತ ನೀವೂ ಕೇಳ್ತೀರಿ, ನಮ್ಮವ್ವನೂ ಕೇಳ್ತಾಳ. ನಮ್ಮವ್ವಗ ನಾ ಭಾಳ ಸುಳ್ಳ ಹೇಳೇನಿ. ವಿಡಿಯೋದಾಗಿನ ಹುಡಗ್ಯಾರಿಗೆಲ್ಲಾ ನಿಶ್ಚಯ ಆಗೇತಿ ಅಂದೇನಿ. ಆಗಿದ್ದಿಲ್ಲ. ನನಗ ಹುಡಗ್ಯಾರ ಮ್ಯಾಲ ಮನಸ್ಸಿಲ್ಲ. ಗಂಡಸರ ಮ್ಯಾಲ ಐತಿ. ಸಣ್ಣಾಂವಿದ್ದಾಗಿಂದೂ ಐತಿ..." ದನಿ ನಿಂತಿತು. ತಲೆ ಇನ್ನೂ ತಗ್ಗಿತು. "ನಿಲ್ಲಸ್ರಿ ಅಣ್ಣಾರ" ಎಂದದ್ದೂ ಕೇಳಿಸಿತು.

ಆಗ ಮೊದಲ ಸಾಲಿನಿಂದ ದುರಗವ್ವ ಪರದೆಗೇ ಹೇಳಿದಳು. ಶಾಲೆಯ ಮಕ್ಕಳನ್ನು ಊಟಕ್ಕೆ ಸಾಲು ಹಚ್ಚಿಸುವ ಅದೇ ದನಿಯಲ್ಲಿ. "ಅದ್ಯಾಕ ಕಳವು ಮಾಡಿದಾಂವನಂಗ ತಲಿ ತಗ್ಗಸಿ? ತಲಿ ಎತ್ತಿ ಮಾತಾಡೋ!"

ಪರದೆಯ ಗೌತಮನಿಗೆ ಅದು ಕೇಳಿಸಲಿಲ್ಲ. ಅವನು ತಗ್ಗಿಸಿದ ತಲೆಯಲ್ಲೇ ಇನ್ನೂ ನಾಲ್ಕು ನಿಮಿಷ ಮಾತಾಡಿದ. ಪ್ರೊಜೆಕ್ಟರಿನ ಬದಿಯ ಗೌತಮ ಮಾತ್ರ ಗೋಡೆಗೆ ಮುಖ ಮಾಡಿಕೊಂಡು ಅತ್ತ.

ಚಿತ್ರ ಮುಗಿಯುತ್ತಲೇ ದುರಗವ್ವ ಎದ್ದಳು. ಮಗನ ಹತ್ತಿರ ಹೋಗಲಿಲ್ಲ. ನೆಟ್ಟಗೆ ಹೊರಗೆ ನಡೆದು, ಹುನಗುಂದದ ಮೇಲೆ ಹಾಯ್ದು ಹೋಗುವ ನಮ್ಮ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಗೌತಮ ಬಾಗಿಲಿಗೆ ಬಂದು, "ಯವ್ವಾ, ಗಾಡಿ ಮ್ಯಾಲ ಹೋಗೂಣು ಬಾ" ಎಂದ. ಅವಳು ತಿರುಗಿಯೂ ನೋಡಲಿಲ್ಲ. ಅವನು ನಿಲ್ಲಸ್ರಿ ಎಂದಾಗ ನಿಲ್ಲಿಸಬೇಕಿತ್ತೇನೋ ಎಂದುಕೊಳ್ಳುತ್ತ ನಾನೂ ಬಸ್ಸು ಹತ್ತಿದೆ. ಬಸ್ಸು ಹೊರಟಿತು. ಗೌತಮನ ಬೈಕು ಹಿಂದೆ ಬರುತ್ತಿತ್ತು, ಒಮ್ಮೆಯೂ ಮುಂದೆ ಹೋಗಲಿಲ್ಲ.

ಬಸ್ಸಿನ ತುಂಬ ಅದೇ ಮಾತು. ನೇಕಾರರ ಸಿನೆಮಾ ಅಂತ ಕರೆದುಕೊಂಡು ಹೋಗಿ ಒಂದು ಮಗ್ಗವನ್ನೂ ತೋರಿಸಲಿಲ್ಲ ಎಂದು ಕೆಲವರ ಸಿಟ್ಟು. ಹೆತ್ತವಳ ಮುಂದೆ ಹೀಗೆಲ್ಲ ಹೇಳುವುದೇ ಎಂದು ಇನ್ನು ಕೆಲವರದು. ದುರಗವ್ವ ಎಲ್ಲ ಕೇಳುತ್ತ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅಮೀನಗಡದಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಹಿಂದೆಯೇ ಬೈಕು ಬಂದು ನಿಂತಿತು. ದುರಗವ್ವ ಇಳಿದು ಅದರ ಹತ್ತಿರ ಹೋದಳು. ನಾನು ಕಿಟಕಿಯಲ್ಲೇ ಇದ್ದೆ.

"ಆ ಹಳದಿ ಸೀರಿಯಾಕಿ ಮನಿಗೆ ಹ್ವಾದ ವಾರ ನಾ ಹೋಗಿ ಬಂದೇನಿ" ಎಂದಳು. "ನಿನ್ನ ಸಲುವಾಗಿ ಕೇಳಿ ಬಂದೇನಿ. ನಿಶ್ಚಯಾನೂ ಆಗಿದ್ದಿಲ್ಲ, ಏನೂ ಆಗಿದ್ದಿಲ್ಲ. ಈಗ ಅವರಿಗೆ ಏನ್ ಹೇಳ್ಲಿ ನಾ?"

ಗೌತಮ ಗಾಡಿಯಿಂದ ಇಳಿದು ನಿಂತ.

"ನಾಳೆ ನೀನ ಹೋಗಿ ಹೇಳು. ತಲಿ ಎತ್ತಿ ಹೇಳು. ನಾ ಬರಂಗಿಲ್ಲ." ಬಸ್ಸಿನತ್ತ ಒಮ್ಮೆ ನೋಡಿದಳು. "ಒಳಗ ಬರೇ ನಿಂದ ಮಾತು. ನನಗ ಸಾಕಾತು. ಗಾಡಿ ಚಾಲೂ ಮಾಡು."

ಅವರು ಹೋದ ಮೇಲೆ ನಮ್ಮ ಬಸ್ಸೂ ಹೊರಟಿತು. ಹೊತ್ತು ಮುಳುಗುತ್ತಿತ್ತು. ನನ್ನ ಹಿಂದಿನ ಸೀಟಿನಲ್ಲಿ ಬಸವೇಶ್ವರಿಯ ಅವ್ವ, "ಹಂಗೂ ಇರತಾರೇನಬೇ ಮಂದಿ?" ಎಂದು ಮಗಳನ್ನು ಕೇಳಿದಳು.

"ಇರತಾರಬೇ" ಎಂದಳು ಬಸವೇಶ್ವರಿ. ಅವ್ವನ ಸೆರಗು ಸರಿಪಡಿಸುತ್ತ, "ಬರೂ ಅಮಾಸಿಗೆ ನೀನೂ ಬಾ ನನ್ನ ಜೋಡಿ. ಬಾದಾಮಿಗೆ" ಎಂದಳು.

"ಈ ಕಾಲ ತಗೊಂಡು ಎಲ್ಲಿ ಬರ್ಲಿ?"

"ನಾ ಕರಕೊಂಡ ಹೋಗ್ತೇನಿ."

ಅವ್ವ ತನ್ನ ಮೊಣಕಾಲು ನೀವಿಕೊಂಡಳು.

ಹುನಗುಂದ ಇನ್ನೂ ನಾಲ್ಕೈದು ಮೈಲಿ ಇರುವಾಗ ನಮ್ಮ ಡ್ರೈವರ್ ಹಾರ್ನ್ ಹೊಡೆದು ಒಂದು ಬೈಕನ್ನು ದಾಟಿದ. ಬಸಲಿಂಗವ್ವ ಕಿಟಕಿಗೆ ಬಗ್ಗಿ ನೋಡಿದಳು. "ಗೌತಮಂದಲ್ಲೇನ್ರಿ ಅದು? ಗಾಡಿ ಕೆಟ್ಟೈತೇನು?"

"ಕೆಟ್ಟಿಲ್ಲ" ಎಂದೆ. "ಹಿಂದ ಅವ್ವ ಕುಂತಾಳ."